ಮಹಮೂದ್ ಗವಾನ್: ಕಟ್ಟಿದವನ ಬದುಕು ಮತ್ತು ಕಟ್ಟಡದ ತ್ರೀಡಿ ಮಾದರಿ

ಮೊಬೈಲಿನಲ್ಲಿ ಆಟ ಆಡುವವರಿಗೆಲ್ಲ ಈ ಅನುಭವ ಆಗಿರುತ್ತದೆ. ಬಯಲಿನಲ್ಲಿ ಓಡುವಾಗ ಸಲೀಸಾಗಿ ಸಾಗುವ ಆಟ, ದೊಡ್ಡ ಕೋಟೆಯೋ ಅರಮನೆಯೋ ಎದುರಾದ ಕೂಡಲೇ ತಡವರಿಸತೊಡಗುತ್ತದೆ. ಫೋನು ಬಿಸಿಯಾಗುತ್ತದೆ, ಚಿತ್ರ ತುಂಡು ತುಂಡಾಗಿ ಬರುತ್ತದೆ. ಫೋನು ಹಳೆಯದಾಯಿತು ಎಂದು ನಾವು ಗೊಣಗುತ್ತೇವೆ. ಎಷ್ಟೋ ಸಲ ತಪ್ಪು ಫೋನಿನದಲ್ಲ, ಆ ಕಟ್ಟಡದ ತ್ರೀಡಿ ಮಾದರಿ ಬೇಕಾದ್ದಕ್ಕಿಂತ ಭಾರವಾಗಿರುತ್ತದೆ.

ಹಾಗಾದರೆ ಮಾದರಿಯನ್ನು ಹಗುರ ಮಾಡಿಬಿಟ್ಟರೆ ಮುಗಿಯಿತಲ್ಲವೇ? ನಾವೂ ಹಾಗೆಯೇ ಅಂದುಕೊಂಡಿದ್ದೆವು. ಬೀದರ್, ಭಾಲ್ಕಿ ಮತ್ತು ಔರಾದಿನ ನಾವು ಮೂವರು ಗೆಳೆಯರು ಸೇರಿ, ಬೀದರಿನ ಹಳೆಯ ಊರಿನಲ್ಲಿರುವ ಮಹಮೂದ್ ಗವಾನ್ ಮದರಸಾದ ಮಾದರಿಯೊಂದನ್ನು ಮಕ್ಕಳ ಆಟಕ್ಕೆಂದು ಮಾಡಿದೆವು. ಅಗ್ಗದ ಫೋನಿನಲ್ಲೂ ಓಡಬೇಕೆಂದು ಹಗುರ ಮಾಡಿದೆವು. ಆಟ ಚೆನ್ನಾಗಿ ಓಡಿತು. ಆ ಖುಷಿಯಲ್ಲಿ, ಜಾಗ ತಿನ್ನುತ್ತಿದ್ದ ಮೂಲ ಫೈಲುಗಳನ್ನು ಅಳಿಸಿಹಾಕಿದೆವು. ಅದು ಎಂಥ ತಪ್ಪು ಎಂದು ತಿಳಿದದ್ದು ಆಮೇಲೆ.

ಆ ತಪ್ಪು ಏನೆಂದು ಹೇಳಬೇಕಾದರೆ ಮೊದಲು ಆ ಕಟ್ಟಡವನ್ನು ಕಟ್ಟಿಸಿದವನ ಕತೆ ಹೇಳಬೇಕು. ಏನನ್ನು ಅಳೆದು ಇಡಬೇಕು, ಏನನ್ನು ಖಾಲಿ ಬಿಡಬಾರದು ಎಂಬ ಎರಡು ಪಾಠಗಳೂ ಅವನ ಬದುಕಿನಲ್ಲಿವೆ.

ಕಡಲು ದಾಟಿ ಬಂದ ವ್ಯಾಪಾರಿ

ಮಹಮೂದ್ ಗವಾನ್ ಹುಟ್ಟಿದ್ದು 1411ರ ಸುಮಾರಿಗೆ, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ದಂಡೆಯಲ್ಲಿರುವ ಇರಾನಿನ ಗೀಲಾನ್ ಪ್ರಾಂತ್ಯದಲ್ಲಿ. ಗವಾನ್ ಎಂಬುದು ಅಲ್ಲಿನ ಊರೊಂದರ ಹೆಸರು. ಅವನದು ಆಳುವವರಿಗೆ ಹತ್ತಿರದ ಮನೆತನ. ಅರಮನೆಯ ಜಗಳಗಳ ನಡುವೆ ಅಲ್ಲಿ ಇರಲಾಗದೆ ಊರು ಬಿಟ್ಟ ಅವನು ವ್ಯಾಪಾರಕ್ಕಿಳಿದ. ಊರಿಂದೂರಿಗೆ ಸುತ್ತುತ್ತ, ವಿದ್ವಾಂಸರ ಸಹವಾಸ ಮಾಡುತ್ತ ಕಳೆದ ವರ್ಷಗಳು ಅವು.

1453ರ ಹೊತ್ತಿಗೆ ಕೊಂಕಣದ ದಾಭೋಳ ಬಂದರಿನಲ್ಲಿ ಹಡಗಿನಿಂದಿಳಿದು ಬೀದರಿಗೆ ಬಂದ. ಆಗ ಅವನಿಗೆ ನಲವತ್ತು ದಾಟಿತ್ತು. ಬಹಮನಿ ಸುಲ್ತಾನರು ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬದಲಿಸಿ ಕೆಲವು ದಶಕಗಳಷ್ಟೇ ಆಗಿದ್ದವು. ಆಗಿನ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಶಾಹನಿಗೆ ಈ ಓದಿದ ವ್ಯಾಪಾರಿ ಹಿಡಿಸಿದ. ಗವಾನ್ ಆಸ್ಥಾನ ಸೇರಿದ. ಮುಂದೆ ಅವನಿಗೆ ಸಿಕ್ಕ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದಿನ ಅರ್ಥವೇ ವ್ಯಾಪಾರಿಗಳ ಒಡೆಯ ಎಂದು.

ಮುಂದಿನ ವರ್ಷಗಳು ಬೀದರಿಗೆ ಕಷ್ಟದವು. 1461ರಲ್ಲಿ ಪಟ್ಟಕ್ಕೆ ಬಂದ ನಿಜಾಮ್ ಶಾಹ ಇನ್ನೂ ಪುಟ್ಟ ಹುಡುಗ. ರಾಜ್ಯದ ಹೊಣೆ ರಾಜಮಾತೆ, ಖ್ವಾಜಾ ಜಹಾನ್ ತುರ್ಕ್ ಮತ್ತು ಗವಾನ್ ಈ ಮೂವರ ಮೇಲೆ ಬಿತ್ತು. ಒಡಿಶಾದ ಗಜಪತಿಗಳ ಸೈನ್ಯ ಒಂದು ಕಡೆಯಿಂದ ಬಂತು. ಮಾಳ್ವದ ಸುಲ್ತಾನ ಬೀದರ್ ಊರನ್ನೇ ಹಿಡಿದ. ಗುಜರಾತಿನ ನೆರವು ಪಡೆದು ಅವನನ್ನು ಹಿಮ್ಮೆಟ್ಟಿಸಬೇಕಾಯಿತು. 1463ರಲ್ಲಿ ಮೂರನೆಯ ಮುಹಮ್ಮದ್ ಶಾಹ ಪಟ್ಟಕ್ಕೆ ಬಂದ. ಅವನೂ ಬಾಲಕನೇ. ಕೆಲವೇ ವರ್ಷಗಳಲ್ಲಿ ಗವಾನ್ ರಾಜ್ಯದ ಪ್ರಧಾನಿಯಾದ.

1469ರಿಂದ ಮೂರು ವರ್ಷ ಅವನು ಕೊಂಕಣದ ಘಟ್ಟಗಳಲ್ಲಿ ದಂಡೆತ್ತಿ ನಡೆದ. 1472ರ ಫೆಬ್ರುವರಿಯಲ್ಲಿ ಗೋವಾ ಬಹಮನಿಗಳ ಕೈ ಸೇರಿತು. ಕುದುರೆ ವ್ಯಾಪಾರಕ್ಕೆ ಆ ಬಂದರು ಎಷ್ಟು ಮುಖ್ಯ ಎಂಬುದು ಒಬ್ಬ ಹಳೆಯ ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ಕಾಲಕ್ಕೆ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಪ್ರವಾಸದ ಬರಹದಲ್ಲಿ ಮಲಿಕ್-ಉತ್-ತುಜ್ಜಾರನ ವೈಭವವನ್ನೂ ದಂಡಯಾತ್ರೆಯನ್ನೂ ದಾಖಲಿಸಿದ್ದಾನೆ.

ಒಮ್ಮೆ ಅಳೆದರೆ ಹಲವು ಕೆಲಸ

ಗವಾನನ ಹೆಸರು ಇತಿಹಾಸದ ಪಾಠಗಳಲ್ಲಿ ಉಳಿದದ್ದು ಯುದ್ಧಕ್ಕಿಂತ ಹೆಚ್ಚಾಗಿ ಆಡಳಿತದಿಂದ. ರಾಜ್ಯದಲ್ಲಿ ಅಲ್ಲಿಯವರೆಗೆ ಇದ್ದದ್ದು ನಾಲ್ಕು ತರಫಗಳು, ಅಂದರೆ ಪ್ರಾಂತ್ಯಗಳು. ಒಂದೊಂದೂ ದೊಡ್ಡದು. ಅವನ್ನು ಆಳುವ ತರಫದಾರರು ಸುಲ್ತಾನನಿಗೇ ಎದುರು ನಿಲ್ಲುವಷ್ಟು ಬಲವಂತರು. ಗವಾನ್ ಆ ನಾಲ್ಕನ್ನು ಎಂಟು ಮಾಡಿದ. ಒಬ್ಬ ತರಫದಾರನ ಕೈಯಲ್ಲಿ ಒಂದೇ ಕೋಟೆ, ಉಳಿದವು ಸುಲ್ತಾನನ ಹಿಡಿತದಲ್ಲಿ ಎಂದು ಗೊತ್ತುಮಾಡಿದ. ಪ್ರತಿ ಪ್ರಾಂತ್ಯದಲ್ಲೂ ಸ್ವಲ್ಪ ನೆಲವನ್ನು ನೇರವಾಗಿ ಸುಲ್ತಾನನ ಖಜಾನೆಗೆ ಸೇರಿಸಿದ.

ಇನ್ನೊಂದು ಕೆಲಸ ನೆಲದ ಅಳತೆ. ಹೊಲಗಳನ್ನು ಅಳೆಸಿ, ಊರಿನ ಗಡಿಗಳನ್ನು ಗುರುತಿಸಿ, ಕಂದಾಯವನ್ನು ಅದರ ಮೇಲೆ ನಿಗದಿ ಮಾಡಿಸಿದ. ಒಮ್ಮೆ ಸರಿಯಾಗಿ ಅಳೆದಿಟ್ಟ ಲೆಕ್ಕ ಈ ವರ್ಷದ ಕಂದಾಯಕ್ಕಷ್ಟೇ ಅಲ್ಲ, ಮುಂದಿನ ವರ್ಷದ ಗಡಿ ತಕರಾರಿಗೂ, ಲೆಕ್ಕ ಒಪ್ಪಿಸುವುದಕ್ಕೂ ಬರುತ್ತದೆ. ತ್ರೀಡಿ ಮಾದರಿಯ ವಿಷಯಕ್ಕೆ ಬಂದಾಗ ನಾವು ಮರೆತದ್ದು ಇದನ್ನೇ.

1472ರ ಮದರಸಾ

ಗೋವಾ ಗೆದ್ದ ಅದೇ ವರ್ಷ ಬೀದರಿನಲ್ಲಿ ಗವಾನನ ಮದರಸಾ ಸಿದ್ಧವಾಯಿತು. ಪೂರ್ವ-ಪಶ್ಚಿಮ ಸುಮಾರು 205 ಅಡಿ, ಉತ್ತರ-ದಕ್ಷಿಣ ಸುಮಾರು 180 ಅಡಿ, ಮೂರು ಅಂತಸ್ತು. ನಡುವೆ ತೆರೆದ ಅಂಗಳ. ಸುತ್ತಲೂ ಪಾಠದ ಹಜಾರಗಳು, ವಿದ್ಯಾರ್ಥಿಗಳ ಕೋಣೆಗಳು, ಗುರುಗಳ ವಸತಿ, ಮಸೀದಿ, ಮತ್ತು 3,000 ಪುಸ್ತಕಗಳಿದ್ದವು ಎನ್ನಲಾಗುವ ಗ್ರಂಥಾಲಯ. ಇರಾನಿನ ಮಾದರಿಯ ಈ ಕಟ್ಟಡದ ಹೊರಮೈಗೆ ನೀಲಿ, ಬಿಳಿ, ಹಳದಿ, ಹಸಿರು ಬಣ್ಣದ ಹೊಳೆಯುವ ಹೆಂಚಿನ ಬಿಲ್ಲೆಗಳನ್ನು ಹೊದಿಸಿದ್ದರು. ಈಗಲೂ ನಿಂತಿರುವ ಮಿನಾರಿನ ಎತ್ತರ ಸುಮಾರು 131 ಅಡಿ. ಅದರ ಮೈಮೇಲೆ ಅಂಕುಡೊಂಕು ಸಾಲುಗಳಲ್ಲಿ ಬಿಲ್ಲೆಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ.

ಗವಾನ್ ಸ್ವತಃ ಒಳ್ಳೆಯ ಬರಹಗಾರ. ಅವನ ಪತ್ರಗಳ ಸಂಗ್ರಹ ರಿಯಾಜ್-ಉಲ್-ಇನ್ಶಾ ಇಂದಿಗೂ ಉಳಿದಿದೆ. ಪತ್ರ ಬರೆಯುವ ಕಲೆಯ ಮೇಲೆ ಮನಾಜಿರ್-ಉಲ್-ಇನ್ಶಾ ಎಂಬ ಪುಸ್ತಕವನ್ನೂ ಬರೆದ. ತುರ್ಕಿಯ ಆಟೊಮನ್ ಸುಲ್ತಾನನಿಗೂ ಹೆರಾತಿನ ಕವಿ ಜಾಮಿಗೂ ಅವನು ಬೀದರಿನಿಂದ ಪತ್ರ ಬರೆಯುತ್ತಿದ್ದ.

ಫೋನಿನೊಳಗೆ ಒಂದು ಮಿನಾರು

ಈಗ ಈ ಮಿನಾರನ್ನು ಫೋನಿನೊಳಗೆ ಕಟ್ಟೋಣ. ಆಟದಲ್ಲಿ ಕಾಣುವ ಪ್ರತಿ ವಸ್ತುವೂ ಸಣ್ಣ ಸಣ್ಣ ತ್ರಿಭುಜಗಳಿಂದ ಆದದ್ದು. ಆಟ ನಯವಾಗಿ ಕಾಣಬೇಕಾದರೆ ಫೋನು ಸೆಕೆಂಡಿಗೆ 60 ಚಿತ್ರ ಬಿಡಿಸಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಎಲ್ಲ ತ್ರಿಭುಜಗಳ ಜಾಗ, ಬಣ್ಣ, ಬೆಳಕು ಲೆಕ್ಕವಾಗಬೇಕು.

ಮಿನಾರಿನ ಸುತ್ತಳತೆಯನ್ನು 64 ಮುಖಗಳಾಗಿ, ಎತ್ತರವನ್ನು 10 ಪಟ್ಟಿಗಳಾಗಿ ಸೀಳಿದರೆ 640 ಚೌಕಗಳು, ಅಂದರೆ 1,280 ತ್ರಿಭುಜಗಳಾಗುತ್ತವೆ. ಅದನ್ನೇ 12 ಮುಖ, 3 ಪಟ್ಟಿಗೆ ಇಳಿಸಿದರೆ 72 ತ್ರಿಭುಜ ಸಾಕು. ದೂರದಿಂದ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಹತ್ತಿರವಿದ್ದಾಗ ಹೆಚ್ಚು ತ್ರಿಭುಜದ ಮಾದರಿ, ದೂರ ಹೋದಂತೆ ಕಡಿಮೆ ತ್ರಿಭುಜದ ಮಾದರಿ ತೋರಿಸುವ ಈ ಉಪಾಯವನ್ನು ಜೇಮ್ಸ್ ಕ್ಲಾರ್ಕ್ ಎಂಬ ವಿಜ್ಞಾನಿ 1976ರಷ್ಟು ಹಿಂದೆಯೇ ವಿವರಿಸಿದ್ದ.

ಹಾಗಾದರೆ ಬಿಲ್ಲೆಗಳ ಉಬ್ಬು ತಗ್ಗು? ಅದನ್ನು ತ್ರಿಭುಜಗಳಲ್ಲಿ ಕಟ್ಟುವುದಿಲ್ಲ. ಯಾವ ಜಾಗದಲ್ಲಿ ಮೇಲ್ಮೈ ಯಾವ ಕಡೆಗೆ ವಾಲಿದೆ ಎಂಬುದನ್ನು ಒಂದು ಚಿತ್ರದಲ್ಲಿ ಬರೆದಿಟ್ಟು ಮಾದರಿಗೆ ಹೊದಿಸುತ್ತಾರೆ. ಇದಕ್ಕೆ ನಾರ್ಮಲ್ ಮ್ಯಾಪ್ ಎಂದು ಹೆಸರು. ಸಪಾಟು ಗೋಡೆಯ ಮೇಲೆ ಬೆಳಕು ಬಿದ್ದಾಗ ಉಬ್ಬಿದಂತೆ ಕಣ್ಣಿಗೆ ಭ್ರಮೆಯಾಗುತ್ತದೆ. ಬಣ್ಣದ ಚಿತ್ರ, ಅಂದರೆ ಟೆಕ್ಸ್ಚರ್ ಕೂಡ ಹೀಗೆಯೇ. ಉದ್ದ ಅಗಲ 4,096 ಚುಕ್ಕಿಗಳಿರುವ ಒಂದು ಟೆಕ್ಸ್ಚರ್ ಕುಗ್ಗಿಸದೆ ಇಟ್ಟರೆ 64 ಎಂಬಿ ಮೆಮೊರಿ ತಿನ್ನುತ್ತದೆ. 1,024 ಚುಕ್ಕಿಗೆ ಇಳಿಸಿದರೆ 4 ಎಂಬಿ ಸಾಕು.

ಮದರಸಾದಲ್ಲಿ ಒಂದೇ ಬಗೆಯ ಕೋಣೆಗಳು ಸಾಲು ಸಾಲಾಗಿವೆ. ಎಲ್ಲವನ್ನೂ ಬೇರೆ ಬೇರೆಯಾಗಿ ಮಾಡಬೇಕಿಲ್ಲ. ಒಂದು ಕೋಣೆ, ಒಂದು ಕಮಾನು ಮಾಡಿಕೊಂಡು ಅದನ್ನೇ ಬೇಕಾದ ಕಡೆ ನಿಲ್ಲಿಸಿದರೆ ಆಯಿತು. ಇದರಿಂದ ಮೆಮೊರಿ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಆದರೆ ಇಲ್ಲೊಂದು ತಪ್ಪು ಕಲ್ಪನೆಯಿದೆ. ಹೀಗೆ ಮರುಬಳಸಿದ ಮಾತ್ರಕ್ಕೆ ತ್ರಿಭುಜಗಳ ಲೆಕ್ಕ ಕಡಿಮೆಯಾಗುವುದಿಲ್ಲ. ಹತ್ತು ಕೋಣೆ ಕಣ್ಣಿಗೆ ಬಿದ್ದರೆ ಹತ್ತನ್ನೂ ಫೋನು ಬಿಡಿಸಲೇಬೇಕು.

ನಾವು ಕಳೆದುಕೊಂಡದ್ದು

ನಾವು ಇದೆಲ್ಲವನ್ನೂ ಮಾಡಿದೆವು. ಕೈಯಲ್ಲೇ ಫೋನು ಹಿಡಿದು ತೆಗೆದ ನೂರಾರು ಫೋಟೋಗಳಿಂದ ಕಂಪ್ಯೂಟರ್ ಕಟ್ಟಿಕೊಟ್ಟ ಮೂಲ ಮಾದರಿಯಲ್ಲಿ ಲಕ್ಷಗಟ್ಟಲೆ ತ್ರಿಭುಜಗಳಿದ್ದವು. ಕೆಲವು ಸಾವಿರಕ್ಕೆ ಇಳಿಸಿದೆವು. ಆಟಗಾರನ ಕಣ್ಣಿಗೆ ಬೀಳದ ಗೋಡೆಯ ಹಿಂಬದಿ, ಚಾವಣಿಯ ಮೇಲ್ಭಾಗ ಎಲ್ಲ ಕಿತ್ತುಹಾಕಿದೆವು. ಕೋಣೆ, ಕಮಾನು, ಮಿನಾರು ಎಂಬ ಬಿಡಿ ಭಾಗಗಳನ್ನೆಲ್ಲ ಒಂದೇ ಮುದ್ದೆಯಾಗಿ ಬೆಸೆದೆವು. ಹೀಗೆ ಬೆಸೆದರೆ ಫೋನಿಗೆ ಬಿಡಿಸುವ ಆದೇಶಗಳು ಕಡಿಮೆಯಾಗಿ ಆಟ ಬೇಗ ಓಡುತ್ತದೆ. ಆಟಕ್ಕೆ ಅದೆಲ್ಲ ಸರಿಯೇ.

ಆಮೇಲೆ ಔರಾದಿನ ಗೆಳೆಯ, ಶಾಲೆಯ ಮಕ್ಕಳು ಮುಟ್ಟಿ ನೋಡಲೆಂದು ಮದರಸಾವನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆಸೋಣ ಎಂದ. ಆಗಲಿಲ್ಲ. ಪ್ರಿಂಟರಿಗೆ ದಪ್ಪವಿರುವ, ಎಲ್ಲ ಕಡೆಯಿಂದ ಮುಚ್ಚಿದ ಗೋಡೆ ಬೇಕು. ನಮ್ಮ ಗೋಡೆಗಳು ಕಾಗದಕ್ಕಿಂತ ತೆಳು, ಹಿಂಬದಿಯೇ ಇಲ್ಲ. ಭಾಲ್ಕಿಯ ಗೆಳೆಯನಿಗೆ ಆ ಊರಿನ ಕೋಟೆಯ ಮಾದರಿ ಮಾಡುವ ಆಸೆ. ಮದರಸಾದಿಂದ ಒಂದು ಕಮಾನನ್ನು ಬಿಡಿಸಿಕೊಂಡು ತಿದ್ದಿ ಬಳಸೋಣ ಎಂದರೆ ಬೆಸೆದ ಮುದ್ದೆಯಲ್ಲಿ ಕಮಾನು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದೇ ತಿಳಿಯದು. ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವ ಪರಿಚಯದವರೊಬ್ಬರು ಮಿನಾರಿನ ಅಂಕುಡೊಂಕು ವಿನ್ಯಾಸದ ಗೆರೆ ಕೇಳಿದರು. ನಮ್ಮಲ್ಲಿ ಉಳಿದಿದ್ದದ್ದು ಮಸುಕಾದ ಒಂದು ಪುಟ್ಟ ಚಿತ್ರ.

ಹಗುರ ಮಾಡಿದ್ದನ್ನು ಮತ್ತೆ ದಪ್ಪ ಮಾಡಬಹುದು ಎಂಬುದು ಬಹಳ ಜನ ನಂಬುವ ಮಾತು. ಸಾಫ್ಟ್‌ವೇರಿನಲ್ಲಿ ತ್ರಿಭುಜಗಳನ್ನು ಹೆಚ್ಚಿಸುವ ಗುಂಡಿ ಇರುವುದು ನಿಜ. ಆದರೆ ಅದು ಇರುವ ತ್ರಿಭುಜವನ್ನು ಸೀಳಿ ನಾಲ್ಕು ಮಾಡುತ್ತದೆಯೇ ಹೊರತು ಕಳೆದುಹೋದ ಬಿರುಕನ್ನೋ ಬಿಲ್ಲೆಯನ್ನೋ ಮರಳಿ ತರುವುದಿಲ್ಲ. ಎಐ ಬಳಸಿ ತುಂಬಿಸಿದರೆ ಅದು ಊಹೆ, ಅಳತೆಯಲ್ಲ.

ಈಗ ಎಂಜಿನ್ನೇ ಎಲ್ಲ ನೋಡಿಕೊಳ್ಳುತ್ತದೆ ಎಂಬುದು ಇನ್ನೊಂದು ಮಾತು. ಅನ್‌ರಿಯಲ್ ಎಂಜಿನ್ 5ರ ನ್ಯಾನೈಟ್‌ನಂಥ ತಂತ್ರ ಭಾರದ ಮಾದರಿಯನ್ನು ತೆಗೆದುಕೊಂಡು, ತೆರೆಗೆ ಬೇಕಾದಷ್ಟೇ ವಿವರವನ್ನು ತಾನೇ ಆರಿಸುತ್ತದೆ. ಆದರೆ ಅದಕ್ಕೂ ಮೊದಲು ಭಾರದ ಮಾದರಿ ಬೇಕಲ್ಲ? ಮೂಲ ಅಳಿಸಿದವರಿಗೆ ಅದೂ ಉಪಯೋಗವಿಲ್ಲ.

ಖಾಲಿ ಕಾಗದದ ಮೇಲೆ ಮುದ್ರೆ

ಎಲ್ಲದಕ್ಕೂ ಒದಗುವಂತೆ ಇಟ್ಟರೆ ಸಾಕೇ? ಅದಕ್ಕೆ ಉತ್ತರ ಗವಾನನ ಕೊನೆಯ ದಿನಗಳಲ್ಲಿದೆ.

ಬೀದರಿನ ಆಸ್ಥಾನದಲ್ಲಿ ಎರಡು ಬಣ. ಇಲ್ಲಿಯೇ ನೆಲೆಸಿದ ದಖ್ಖನಿಗಳು ಒಂದು ಕಡೆ, ಗವಾನನಂತೆ ಕಡಲಾಚೆಯಿಂದ ಬಂದ ಆಫಾಕಿಗಳು ಇನ್ನೊಂದು ಕಡೆ. ಗವಾನ್ ಎರಡೂ ಬಣದವರಿಗೆ ಹುದ್ದೆ ಹಂಚಿದರೂ ವೈರ ಆರಲಿಲ್ಲ. ತರಫಗಳನ್ನು ಒಡೆದದ್ದರಿಂದ ಅಧಿಕಾರ ಕಳೆದುಕೊಂಡವರ ಸಿಟ್ಟೂ ಸೇರಿತು. ಮಲಿಕ್ ಹಸನ್ ಮುಂದಾಳಾಗಿದ್ದ ಗುಂಪು ಗವಾನನ ಮುದ್ರೆ ಕಾಯುತ್ತಿದ್ದವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡಿತು. ಆಮೇಲೆ ಅದರ ಮೇಲೆ, ಒಡಿಶಾದ ಗಜಪತಿ ರಾಜನನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಕರೆಯುವ ಪತ್ರ ಬರೆಯಿತು.

ಸುಲ್ತಾನ ಆಗ ಆಂಧ್ರದ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿದ್ದ. ಪತ್ರ ನೋಡಿ ಕೆರಳಿ ಗವಾನನನ್ನು ಕರೆಸಿದ. ಮುದ್ರೆ ತನ್ನದೇ, ಪತ್ರ ಮಾತ್ರ ತನ್ನದಲ್ಲ ಎಂದು ಎಪ್ಪತ್ತರ ಆಸುಪಾಸಿನ ಆ ಮುದುಕ ಹೇಳಿದ. ಸುಲ್ತಾನ ವಿಚಾರಣೆಗೆ ಕಾಯಲಿಲ್ಲ. 1481ರ ಏಪ್ರಿಲ್ 5ರಂದು ಗವಾನನ ತಲೆ ತೆಗೆಸಿದ. ಆಮೇಲೆ ಅವನ ಆಸ್ತಿ ಹುಡುಕಿಸಿದರೆ ಪ್ರಧಾನಿಯ ಮನೆಯಲ್ಲಿ ಇದ್ದದ್ದು ಅಲ್ಪ. ಪತ್ರ ಸುಳ್ಳೆಂದು ತಿಳಿದು ಸುಲ್ತಾನ ಮರುಗಿದ, ಮರುವರ್ಷವೇ ತೀರಿಕೊಂಡ. ಕೆಲವು ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು. ಗವಾನನ ಸರಳ ಸಮಾಧಿ ಬೀದರಿನ ಹೊರವಲಯದ ಗೋರನಳ್ಳಿಯಲ್ಲಿದೆ.

ಯಾರು ಬರೆದರು, ಯಾವಾಗ ಬರೆದರು, ಏತಕ್ಕೆ ಎಂದು ಹೇಳದ, ಆದರೆ ಮುದ್ರೆ ಮಾತ್ರ ಇರುವ ಕಾಗದ ಯಾರ ಕೈಗೆ ಸಿಕ್ಕರೂ ಅವರಿಗೆ ಬೇಕಾದ್ದಕ್ಕೆ ಒದಗುತ್ತದೆ. ಮಾದರಿಯೂ ಹಾಗೆಯೇ.

ಮದರಸಾದ ವಿಷಯದಲ್ಲಿ ಈ ಅಪಾಯ ನಿಜವಾದದ್ದು. 17ನೇ ಶತಮಾನದ ಕೊನೆಯಲ್ಲಿ, ಮೊಗಲರ ಕಾಲಕ್ಕೆ, ಅಲ್ಲಿ ಇಟ್ಟಿದ್ದ ಮದ್ದು ಸಿಡಿದು ಕಟ್ಟಡದ ಮುಂಭಾಗದ ಮತ್ತು ದಕ್ಷಿಣ ಬದಿಯ ಒಂದು ಪಾಲು ಹಾರಿಹೋಯಿತು. ಮುಂಭಾಗದ ಒಂದು ಮೂಲೆಯಲ್ಲಿ ಮಿನಾರು ನಿಂತಿದೆ, ಇನ್ನೊಂದು ಮೂಲೆ ಬರಿದಾಗಿದೆ. ಉಳಿದ ಬದಿಯನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ತಿರುಗಿಸಿ ಬರಿದಾದ ಬದಿಯನ್ನು ಮಾದರಿಯಲ್ಲಿ ತುಂಬಿಸುವುದು ಎರಡು ನಿಮಿಷದ ಕೆಲಸ. ನಾವೂ ಹಾಗೇ ಮಾಡಿದೆವು. ಆದರೆ ಜೋಡಿ ಇದ್ದದ್ದನ್ನು ಮಾತ್ರ ಕನ್ನಡಿ ತೋರಿಸೀತು. ಮುಖ್ಯ ಬಾಗಿಲು ಇದ್ದದ್ದು ಒಂದೇ, ಅದು ಸ್ಫೋಟದಲ್ಲಿ ಹೋಯಿತು. ನಮ್ಮ ಆಟದಲ್ಲಿ ಇರುವ ಬಾಗಿಲು ನಮ್ಮ ಕಲ್ಪನೆಯದು. ಅದನ್ನು ಎಲ್ಲಿಯೂ ಬರೆದಿಡಲಿಲ್ಲ. ಆ ಆಟ ಆಡಿದ ಮಗು ಗವಾನನ ಬಾಗಿಲು ಹೀಗೇ ಇತ್ತು ಎಂದು ನಂಬಿದರೆ ತಪ್ಪು ಯಾರದು?

ಹಳೆಯ ಕಟ್ಟಡಗಳ ಕಂಪ್ಯೂಟರ್ ಮಾದರಿ ಮಾಡುವವರಿಗಾಗಿ ಲಂಡನ್ ಚಾರ್ಟರ್ ಎಂಬ ಒಪ್ಪಿತ ಸೂತ್ರಗಳಿವೆ. ಯಾವುದು ಅಳೆದದ್ದು, ಯಾವುದು ಊಹಿಸಿದ್ದು ಎಂದು ತಿಳಿಯುವಂತೆ ಬರೆದಿಡಬೇಕು ಎಂಬುದು ಅದರ ಸಾರ.

ಹಾಗಾದರೆ ಏನು ಮಾಡಬೇಕು?

ಆಟಕ್ಕೆ ಹಗುರ ಮಾಡುವುದು ತಪ್ಪಲ್ಲ. ಅಗ್ಗದ ಫೋನಿರುವ ಮಗುವಿಗೂ ಮದರಸಾ ಕಾಣಬೇಕಾದರೆ ಹಗುರ ಮಾಡಲೇಬೇಕು. ಒಂದೇ ಫೈಲು ಎಲ್ಲಕ್ಕೂ ಆಗಬೇಕು ಎನ್ನುವುದೇ ತಪ್ಪು. ಈಗ ನಾವು ಮೂರು ಹಂತದಲ್ಲಿ ಇಡುತ್ತೇವೆ.

ಮೊದಲನೆಯದು ಮೂಲ ಫೋಟೋಗಳು. ತೆಗೆದ ದಿನಾಂಕದ ಸಮೇತ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ. ಇವನ್ನು ಮುಟ್ಟುವುದಿಲ್ಲ.

ಎರಡನೆಯದು ತಾಯಿ ಮಾದರಿ. ಇದರಲ್ಲಿ ಅಳತೆ ಮೀಟರಿನಲ್ಲಿ. ಕೋಣೆ, ಕಮಾನು, ಮಿನಾರು ಬೇರೆ ಬೇರೆ, ಒಂದೊಂದಕ್ಕೂ ಅರ್ಥವಾಗುವ ಹೆಸರು. ಗೋಡೆಗೆ ನಿಜವಾದ ದಪ್ಪ. ಊಹಿಸಿದ ಭಾಗಕ್ಕೆ ಬೇರೆ ಬಣ್ಣ. ಇದು ಎಷ್ಟು ಭಾರವಾದರೂ ಪರವಾಗಿಲ್ಲ, ಇದು ಫೋನಿಗೆ ಹೋಗುವುದಿಲ್ಲ.

ಮೂರನೆಯದು ತಾಯಿ ಮಾದರಿಯಿಂದ ತೆಗೆದ ಪ್ರತಿಗಳು. ಆಟಕ್ಕೊಂದು, ಪ್ರಿಂಟಿಗೊಂದು, ವಿನ್ಯಾಸಕ್ಕೊಂದು. ಬೆಸೆಯುವುದು, ಕತ್ತರಿಸುವುದು, ಕುಗ್ಗಿಸುವುದು ಎಲ್ಲ ಇಲ್ಲಿ ಮಾತ್ರ. ಪ್ರತಿ ಹಾಳಾದರೆ ಇನ್ನೊಂದು ತೆಗೆದರಾಯಿತು. ಇನ್ನೊಬ್ಬರಿಗೆ ಕೊಡುವಾಗ ಜಿಎಲ್‌ಟಿಎಫ್‌ನಂಥ ಮುಕ್ತ ಮಾದರಿಯ ಫೈಲಾದರೆ ಒಳ್ಳೆಯದು, ಯಾವುದೋ ಒಂದು ಸಾಫ್ಟ್‌ವೇರಿಗೆ ಕಟ್ಟುಬೀಳುವುದು ತಪ್ಪುತ್ತದೆ.

ನಾವು ಮತ್ತೆ ಮದರಸಾಕ್ಕೆ ಹೋಗಿ ಮೊದಲಿನಿಂದ ಫೋಟೋ ತೆಗೆಯುತ್ತಿದ್ದೇವೆ. ಕಟ್ಟಡ ನಿಂತಿದೆ, ಆದ್ದರಿಂದ ನಮಗೆ ಎರಡನೆಯ ಅವಕಾಶ ಸಿಕ್ಕಿತು. ನಿಮ್ಮ ಊರಿನ ಗುಡಿ, ಬಾವಿ, ಹಳೆಯ ವಾಡೆಯ ಮಾದರಿ ಮಾಡುವವರು ನೀವಾದರೆ, ಆಟ ಓಡಿತೆಂದು ಮೂಲ ಅಳಿಸಬೇಡಿ. ಕಟ್ಟಡ ನಿಮಗಾಗಿ ಕಾಯುತ್ತದೆ ಎಂಬ ಭರವಸೆಯಿಲ್ಲ. ಗವಾನನ ಬಾಗಿಲು ಕಾಯಲಿಲ್ಲ.